ಗಿಡದೊಳಗೆ ನೀರಿನ ದಾರಿ, ಸಕ್ಕರೆಯ ದಾರಿ: ಕಣ್ಣಾರೆ ನೋಡುವುದು ಹೇಗೆ?

ಕಲಬುರಗಿಯ ಕಪ್ಪು ನೆಲದಲ್ಲಿ ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ನೆಲದಲ್ಲಿ ಹಸಿ ಇದ್ದಾಗಲೂ ಕೆಲವು ಗಿಡಗಳು ನಿಂತಲ್ಲೇ ಬಾಡಿ ಒಣಗುತ್ತವೆ. ರೈತರು ಇದನ್ನು ನೆಟೆ ರೋಗ ಎನ್ನುತ್ತಾರೆ. ಹಸಿಯಿದ್ದೂ ಗಿಡ ಬಾಡುವುದೇಕೆ ಎಂದು ತಿಳಿಯಬೇಕಾದರೆ, ಮೊದಲು ಆರೋಗ್ಯವಂತ ಗಿಡದಲ್ಲಿ ನೀರು ಏರುವ ಬಗೆಯನ್ನು ನೋಡಬೇಕು.

ಎಲೆ ತುಂಬಿದ ತೊಗರಿಯ ಎಳೆಯ ಟೊಂಗೆಯೊಂದನ್ನು ಮುರಿದು ತಂದು, ಅದರ ಬುಡವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ನೀರೊಳಗೇ ಹರಿತವಾದ ಚಾಕುವಿನಿಂದ ಎರಡು ಬೆರಳಿನಷ್ಟು ಮತ್ತೆ ಕತ್ತರಿಸಿ. ಇದನ್ನು ಬಿಡಬೇಡಿ, ಮುರಿದಾಗ ಕಾಂಡದೊಳಗಿನ ನೀರಿನ ನಳಿಕೆಗಳಿಗೆ ಹೊಕ್ಕ ಗಾಳಿ ನೀರಿನ ಎಳೆಯನ್ನು ತುಂಡರಿಸಿರುತ್ತದೆ. ಬಳಿಕ ಟೊಂಗೆಯನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ, ಬೆಳಕು ಮತ್ತು ಗಾಳಿ ಆಡುವ ಕಡೆ ಕೆಲವು ಗಂಟೆ ನಿಲ್ಲಿಸಿ.

ಈಗ ಕಾಂಡವನ್ನು ಅಡ್ಡಲಾಗಿ ಕೊಯ್ದರೆ, ಸಿಪ್ಪೆಯ ಒಳಬದಿಯ ಕಟ್ಟಿಗೆಯ ಭಾಗದಲ್ಲಿ ಕೆಂಪು ಬಳೆ ಕಾಣುತ್ತದೆ; ಉದ್ದಕ್ಕೆ ಸೀಳಿದರೆ ಅದೇ ಬಳೆ ಸಣ್ಣ ಸಣ್ಣ ಕೆಂಪು ಗೆರೆಗಳಾಗುತ್ತದೆ. ಇದೇ ಕ್ಸೈಲಂ, ಅಂದರೆ ಬೇರಿನಿಂದ ನೀರನ್ನು ಮೇಲೇರಿಸುವ ನಳಿಕೆಗಳ ಭಾಗ. ಹಸಿ ಜೋಳದ ದಂಟಿನಲ್ಲಾದರೆ ಬಳೆಯಿಲ್ಲ, ಚುಕ್ಕೆಗಳು ಒಳಗೆಲ್ಲ ಹರಡಿರುತ್ತವೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳು ಬೇರಿನವರೆಗೂ ಎಳೆಯಲ್ಪಡುತ್ತವೆ ಎಂದು ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ವಿವರಿಸಿದರು. ಇನ್ನೊಂದು ಟೊಂಗೆಯ ಎಲೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಪಕ್ಕದಲ್ಲಿಟ್ಟರೆ, ಅದರಲ್ಲಿ ಶಾಯಿ ನಿಧಾನವಾಗಿ ಏರುವುದು ಕಾಣುತ್ತದೆ.

ಸಕ್ಕರೆಯ ದಾರಿಗೆ ಶಾಯಿ ಸಾಲದು, ತಾಳ್ಮೆ ಬೇಕು. ಪೇರಲ ಗಿಡದ ಸಣ್ಣ ಟೊಂಗೆಯ ಸುತ್ತ ಒಂದಂಗುಲ ಅಗಲದ ಸಿಪ್ಪೆಯನ್ನು ಕಟ್ಟಿಗೆ ಕಾಣುವವರೆಗೆ ಸುಲಿಯಿರಿ. ಕ್ಸೈಲಂ ಉಳಿದಿರುವುದರಿಂದ ಎಲೆಗಳು ಕೂಡಲೇ ಬಾಡುವುದಿಲ್ಲ. ಆದರೆ ಸಿಪ್ಪೆಯೊಳಗಿನ, ಸಕ್ಕರೆ ಸಾಗಿಸುವ ಫ್ಲೋಯಂ ತುಂಡಾಗಿ, ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯಲಾಗದೆ, ಕೆಲವು ವಾರಗಳಲ್ಲಿ ಗಾಯದ ಮೇಲಂಚು ಉಬ್ಬುತ್ತದೆ. ಮುಖ್ಯ ಕಾಂಡಕ್ಕೆ ಮಾತ್ರ ಹೀಗೆ ಮಾಡಬಾರದು, ಬೇರುಗಳು ಆಹಾರವಿಲ್ಲದೆ ಸತ್ತು ಗಿಡವೇ ಹೋಗುತ್ತದೆ.

ಇಷ್ಟಾದ ಮೇಲೆ ನೆಟೆ ಹತ್ತಿದ ತೊಗರಿ ಗಿಡವನ್ನು ಬುಡದಿಂದ ಸೀಳಿ ನೋಡಿ. ಶಾಯಿ ಕೆಂಪಾಗಿ ಏರಿದ್ದ ಜಾಗದಲ್ಲೇ ಇಲ್ಲಿ ಕಂದುಗಪ್ಪು ಗೆರೆಗಳಿರುತ್ತವೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಳಿಕೆಗಳನ್ನೇ ಕಟ್ಟಿಹಾಕಿರುತ್ತದೆ. ಆಗ ನೀರು ಹಾಯಿಸಿ ಪ್ರಯೋಜನವಿಲ್ಲ. ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ಮುಂದಿನ ಹಂಗಾಮಿಗೆ ಆ ಹೊಲದಲ್ಲಿ ಜೋಳ ಹಾಕುವುದು ಒಳ್ಳೆಯದು.