ಟಿಕಿಂಟರ್‌ನಲ್ಲಿ ಹುಡುಕಿದ ಪದಕ್ಕೆ ಬಣ್ಣ ಬಾರದಿದ್ದರೆ

ತೊಂದರೆ ಇದು: ಪೈಥಾನ್‌ನಲ್ಲಿ ಕಿಟಕಿಗಳನ್ನು ಕಟ್ಟುವ ಟಿಕಿಂಟರ್, ಅದರ ಟೆಕ್ಸ್ಟ್ ವಿಜೆಟ್ (ಪಠ್ಯದ ಪೆಟ್ಟಿಗೆ). ಹುಡುಕುವ ಕಿಟಕಿಯಲ್ಲಿ 'ಮುಂದಿನದು' ಒತ್ತಿದರೆ ಪಠ್ಯ ಸರಿಯಾದ ಸಾಲಿಗೆ ಸರಿಯುತ್ತದೆ, ಆದರೆ ಪದಕ್ಕೆ ಬಣ್ಣವಿಲ್ಲ. ಲಿನಕ್ಸ್‌ನಲ್ಲಿ ಬಣ್ಣ ಬರುತ್ತದೆ, ವಿಂಡೋಸ್‌ನಲ್ಲಿ ಇಲ್ಲ.

ಸೆಲೆಕ್ಟ್‌ಬ್ಯಾಕ್‌ಗ್ರೌಂಡ್ (ಆಯ್ಕೆಯ ಹಿನ್ನೆಲೆ ಬಣ್ಣ) ಬದಲಿಸಿದರೂ, ಅಪ್‌ಡೇಟ್ ಕರೆದರೂ ಫಲವಿಲ್ಲ. ಫೋಕಸ್_ಸೆಟ್ ಹಾಕಿ ಫೋಕಸ್ (ಕೀಬೋರ್ಡಿನ ಹಿಡಿತ) ಪಠ್ಯಕ್ಕೆ ಕೊಟ್ಟರೆ ಬಣ್ಣ ಬರುತ್ತದೆ, ಆದರೆ ಟೈಪ್ ಮಾಡುತ್ತಿದ್ದ ಕರ್ಸರ್ ಹುಡುಕುವ ಪೆಟ್ಟಿಗೆಯಿಂದ ಹಾರಿಹೋಗುತ್ತದೆ.

ಕಾರಣ 'ಸೆಲ್' ಟ್ಯಾಗ್, ಅಂದರೆ ಆಯ್ಕೆಯಾದ ಪಠ್ಯಕ್ಕೆ ಟಿಕಿಂಟರ್ ಅಂಟಿಸುವ ಗುರುತು; ಸಿಕ್ಕ ಪದವನ್ನು ಇದರಿಂದಲೇ ತೋರಿಸುತ್ತಿದ್ದೆವು. ವಿಂಡೋಸ್‌ನಲ್ಲಿ ಇನ್‌ಆಕ್ಟಿವ್‌ಸೆಲೆಕ್ಟ್‌ಬ್ಯಾಕ್‌ಗ್ರೌಂಡ್ (ಫೋಕಸ್ ಇಲ್ಲದಾಗ ಆಯ್ಕೆಗೆ ಬರುವ ಬಣ್ಣ) ಮೊದಲಿನಿಂದಲೇ ಖಾಲಿ. ಫೋಕಸ್ ತಪ್ಪಿದೊಡನೆ ಆಯ್ಕೆ ಮಾಯ. ಅದಕ್ಕೊಂದು ಬಣ್ಣ ಕೊಟ್ಟರೆ ಒಂದು ಪದದ ಮಟ್ಟಿಗೆ ಸಾಕು. ಸಿಕ್ಕಿದ್ದೆಲ್ಲ ಕಾಣಬೇಕಾದರೆ ಸ್ವಂತ ಟ್ಯಾಗ್ ಬೇಕು.

'ಸಿಕ್ಕಿದ್ದು' ಎಂಬ ಟ್ಯಾಗಿಗೆ ಟ್ಯಾಗ್_ಕಾನ್ಫಿಗರ್‌ನಲ್ಲಿ ಹಳದಿ ಹಿನ್ನೆಲೆ, ಒಮ್ಮೆ ಮಾತ್ರ. ಆಮೇಲೆ ಟ್ಯಾಗ್_ರೈಸ್('ಸೆಲ್') ಹಾಕಿ ಆಯ್ಕೆಯ ಟ್ಯಾಗನ್ನು ಮೇಲೆ ತನ್ನಿ, ಇಲ್ಲದಿದ್ದರೆ ಹಳದಿಯ ಕೆಳಗೆ ಮೌಸ್ ಆಯ್ಕೆ ಮುಚ್ಚಿಹೋಗುತ್ತದೆ. ಪ್ರತಿ ಹುಡುಕಾಟಕ್ಕೂ ಮೊದಲು '1.0'ರಿಂದ 'ಎಂಡ್'ವರೆಗೆ ಹಳೆಯ ಟ್ಯಾಗ್ ತೆಗೆಯಿರಿ. ಸಾಲಿನ ಎಣಿಕೆ 1ರಿಂದ, ಅಕ್ಷರದ್ದು 0ಯಿಂದ. ನಂತರ ಲೂಪ್: ಸರ್ಚ್‌ಗೆ ಸ್ಟಾಪ್‌ಇಂಡೆಕ್ಸ್='ಎಂಡ್' (ನಿಲ್ಲಬೇಕಾದ ಜಾಗ), ಕೌಂಟ್‌ಗೆ (ಸಿಕ್ಕ ಪದದ ಉದ್ದ) ಒಂದು ಇಂಟ್‌ವಾರ್, ಅಂದರೆ ಸಂಖ್ಯೆ ಹಿಡಿಯುವ ಟಿಕಿಂಟರ್ ಚರ. ಸಿಕ್ಕ ಜಾಗಕ್ಕೆ '+5ಸಿ' (ಐದು ಅಕ್ಷರ ಮುಂದೆ) ಎಂಬಂತೆ ಕೌಂಟ್ ಸೇರಿಸಿದರೆ ಪದದ ಕೊನೆ. ಅಲ್ಲಿಯವರೆಗೆ ಟ್ಯಾಗ್_ಆ್ಯಡ್, ಮುಂದಿನ ಸರ್ಚ್ ಅಲ್ಲಿಂದಲೇ. ಸ್ಟಾಪ್‌ಇಂಡೆಕ್ಸ್ ಬಿಟ್ಟರೆ ಹುಡುಕಾಟ ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬರುತ್ತದೆ, ಕಿಟಕಿ ಹೆಪ್ಪುಗಟ್ಟುತ್ತದೆ. ಖಾಲಿ ಪದವನ್ನು ಲೂಪಿನ ಹೊರಗೇ ತಡೆಯಿರಿ.

ಕನ್ನಡ ಪಠ್ಯಕ್ಕೆ ಇನ್ನೊಂದು. 'ಕೋ'ದ ಓತ್ವ ಒಂದೇ ಸಂಕೇತವಾಗಿರಬಹುದು, ಬಿಡಿ ಚಿಹ್ನೆಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಸರ್ಚ್‌ಗೆ ಬೇರೆ ಬೇರೆ. ಫೈಲ್ ತೆರೆಯುವಾಗಲೂ ಹುಡುಕುವ ಪದಕ್ಕೂ ಪೈಥಾನ್‌ನ ಯೂನಿಕೋಡ್‌ಡೇಟಾದ ನಾರ್ಮಲೈಸ್ ಅನ್ನು 'ಎನ್‌ಎಫ್‌ಸಿ' (ಬಿಡಿ ಚಿಹ್ನೆಗಳನ್ನು ಒಂದಾಗಿಸುವ ರೂಪ) ಕೊಟ್ಟು ಓಡಿಸಿ.