ಕುರ್ಚಿ ಏರುವ ಮೊದಲಿನ ತಪ್ಪಿಗೆ ವಾಗ್ದಂಡನೆ ಸಾಧ್ಯವೇ? ಹೀಗೆ ಪರಿಶೀಲಿಸಿ

ದೊಡ್ಡ ಹುದ್ದೆಯಲ್ಲಿರುವವರ ಹಳೆಯ ಹಗರಣವೊಂದು ಹೊರಬಿದ್ದ ಕೂಡಲೇ ಎರಡು ದನಿ ಏಳುತ್ತವೆ. ‘ಕೂಡಲೇ ಪದಚ್ಯುತಗೊಳಿಸಿ’ ಎಂಬುದು ಒಂದು. ‘ಅದು ಈ ಹುದ್ದೆಗೆ ಬರುವ ಮೊದಲಿನ ಮಾತು, ಈಗೇಕೆ ಕೆದಕುತ್ತೀರಿ’ ಎಂಬುದು ಇನ್ನೊಂದು. ತಪ್ಪು ಯಾವ ವರ್ಷ ನಡೆಯಿತು ಎಂದಷ್ಟೇ ನೋಡಿದರೆ ಇದು ಇತ್ಯರ್ಥವಾಗುವುದಿಲ್ಲ. ಆ ತಪ್ಪು ಹುದ್ದೆಯೊಳಕ್ಕೂ ನಡೆದು ಬಂದಿದೆಯೇ ಎಂಬುದನ್ನು ನೋಡಬೇಕು.

ಮೊದಲು: ಹುದ್ದೆ ಯಾವುದು?

ಸಚಿವರಿಗೆ ವಾಗ್ದಂಡನೆ, ಅಂದರೆ ಆರೋಪ ಹೊರಿಸಿ ಸಂಸತ್ತು ಮತ ಹಾಕಿ ಹುದ್ದೆಯಿಂದ ತೆಗೆಯುವ ಕ್ರಮ, ಎಂಬುದೇ ಇಲ್ಲ. ಪ್ರಧಾನಿಯೋ ಮುಖ್ಯಮಂತ್ರಿಯೋ ಕೈಬಿಟ್ಟರೆ ಹೋದರು, ಇಲ್ಲವಾದರೆ ಉಳಿದರು. ರಾಷ್ಟ್ರಪತಿಯ ವಿಷಯದಲ್ಲಿ ಸಂವಿಧಾನದ 61ನೇ ವಿಧಿ ಒಂದೇ ಕಾರಣ ಹೇಳುತ್ತದೆ: ಸಂವಿಧಾನದ ಉಲ್ಲಂಘನೆ. ಹಳೆಯ ಜೀವನದ ತಪ್ಪನ್ನು ಆ ಚೌಕಟ್ಟಿಗೆ ತುರುಕುವುದು ಕಷ್ಟ.

ನಿಜವಾದ ಪ್ರಶ್ನೆ ಏಳುವುದು ನ್ಯಾಯಮೂರ್ತಿಗಳ ವಿಷಯದಲ್ಲಿ. 124(4)ನೇ ವಿಧಿಯ ಪ್ರಕಾರ ‘ಸಾಬೀತಾದ ದುರ್ವರ್ತನೆ ಅಥವಾ ಅಸಾಮರ್ಥ್ಯ’ ಇದ್ದರೆ ಅವರನ್ನು ತೆಗೆಯಬಹುದು. ಹೈಕೋರ್ಟ್ ನ್ಯಾಯಮೂರ್ತಿಗಳಿಗೂ ಇದೇ ಅಳತೆ. ಮುಖ್ಯ ಚುನಾವಣಾ ಆಯುಕ್ತರನ್ನೂ ಮಹಾಲೇಖಪಾಲರನ್ನೂ ಇದೇ ಬಗೆಯಲ್ಲಿ ತೆಗೆಯಬೇಕು. ದುರ್ವರ್ತನೆ ಯಾವಾಗ ನಡೆದಿರಬೇಕು ಎಂಬುದರ ಬಗ್ಗೆ ಮಾತ್ರ ಆ ವಿಧಿಯಲ್ಲಿ ಒಂದು ಮಾತೂ ಇಲ್ಲ.

ಎರಡನೆಯದು: ದಿನಾಂಕಗಳನ್ನು ಸಾಲಾಗಿ ಬರೆದುಕೊಳ್ಳಿ

ಕಲ್ಕತ್ತಾ ಹೈಕೋರ್ಟ್‌ನ ನ್ಯಾಯಮೂರ್ತಿ ಸೌಮಿತ್ರ ಸೇನ್ ಅವರ ಪ್ರಕರಣವನ್ನೇ ತೆಗೆದುಕೊಳ್ಳೋಣ. ಭಾರತದಲ್ಲಿ ಈ ಪ್ರಶ್ನೆಯನ್ನು ಇದಕ್ಕಿಂತ ಚೆನ್ನಾಗಿ ಬಿಡಿಸಿ ತೋರಿಸುವ ಇನ್ನೊಂದು ಪ್ರಕರಣವಿಲ್ಲ.

1984ರಲ್ಲಿ ಸೇನ್ ವಕೀಲರು. ಉಕ್ಕು ಪ್ರಾಧಿಕಾರಕ್ಕೂ ಶಿಪ್ಪಿಂಗ್ ಕಾರ್ಪೊರೇಷನ್‌ಗೂ ನಡುವಿನ ವ್ಯಾಜ್ಯದಲ್ಲಿ ಹೈಕೋರ್ಟ್ ಅವರನ್ನು ರಿಸೀವರ್ ಆಗಿ ನೇಮಿಸಿತು. ಬೇಡವಾದ ಇಟ್ಟಿಗೆ ಸರಕನ್ನು ಮಾರಿ, ಹಣವನ್ನು ಜೋಪಾನವಾಗಿಟ್ಟು, ಕೋರ್ಟಿಗೆ ಲೆಕ್ಕ ಕೊಡುವುದು ಅವರ ಕೆಲಸ. ಬಂದದ್ದು 33 ಲಕ್ಷ ರೂಪಾಯಿಗೂ ಹೆಚ್ಚು. ಲೆಕ್ಕ ಬರಲಿಲ್ಲ. 2003ರ ಡಿಸೆಂಬರ್‌ನಲ್ಲಿ ಅವರು ಅದೇ ಹೈಕೋರ್ಟ್‌ನ ನ್ಯಾಯಮೂರ್ತಿಯಾದರು. 2006ರಲ್ಲಿ ಏಕಸದಸ್ಯ ಪೀಠ ಬಡ್ಡಿ ಸೇರಿಸಿ 52 ಲಕ್ಷಕ್ಕೂ ಹೆಚ್ಚು ಹಣ ಕಟ್ಟುವಂತೆ ಆದೇಶಿಸಿದ ಮೇಲೆ ಹಣ ಸಂದಾಯವಾಯಿತು.

ಈ ಸಾಲನ್ನು ಇನ್ನೊಮ್ಮೆ ಓದಿ. ಹಣ ಪಡೆದದ್ದು ವಕೀಲರಾಗಿದ್ದಾಗ, ನಿಜ. ಆದರೆ ಹಿಂದಿರುಗಿಸದೆ ಉಳಿಸಿಕೊಂಡದ್ದು ನ್ಯಾಯಮೂರ್ತಿಯಾದ ಮೇಲೂ. ರಾಜ್ಯಸಭೆಯ ಸಭಾಪತಿ ರಚಿಸಿದ ಸಮಿತಿಯಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ, ಮುಖ್ಯ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಮತ್ತು ಹಿರಿಯ ವಕೀಲ ಫಾಲಿ ನರಿಮನ್ ಇದ್ದರು. ಸಮಿತಿ ತೂಗಿದ ಆರೋಪಗಳು ಎರಡು: ರಿಸೀವರ್ ಆಗಿ ಪಡೆದ ಹಣದ ದುರುಪಯೋಗ, ಮತ್ತು ಅದರ ಬಗ್ಗೆ ಹೈಕೋರ್ಟ್ ಮುಂದೆ ಸುಳ್ಳು ಚಿತ್ರಣ ಕೊಟ್ಟದ್ದು. ಎರಡೂ ಸಾಬೀತಾಗಿವೆ ಎಂದು 2010ರಲ್ಲಿ ವರದಿ ಬಂತು. ಮೊದಲನೆಯದರ ಬೇರು ಹಳೆಯದು, ಎರಡನೆಯದು ಹುದ್ದೆಯಲ್ಲಿದ್ದಾಗಿನದು. ಒಂದರ ಕೈಯನ್ನು ಇನ್ನೊಂದು ಹಿಡಿದು ಬಂದಿದ್ದರಿಂದಲೇ ‘ಅದೆಲ್ಲ ಹಿಂದಿನದು’ ಎಂಬ ವಾದ ನಿಲ್ಲಲಿಲ್ಲ.

ಸೇನ್ ಅವರ ಕಡೆಯ ಮಾತೂ ದುರ್ಬಲವಾಗಿರಲಿಲ್ಲ. 2007ರಲ್ಲಿ ವಿಭಾಗೀಯ ಪೀಠ ತಮ್ಮ ವಿರುದ್ಧದ ಟೀಕೆಗಳನ್ನು ಅಳಿಸಿಹಾಕಿತ್ತು ಎಂದು ಅವರು ರಾಜ್ಯಸಭೆಯಲ್ಲಿ ತಾವೇ ನಿಂತು ವಾದಿಸಿದರು. ಸದನ ಒಪ್ಪಲಿಲ್ಲ. 2011ರ ಆಗಸ್ಟ್ 18ರಂದು ನಿರ್ಣಯದ ಪರ 189 ಮತಗಳು ಬಿದ್ದವು.

ಮೂರನೆಯದು: ಬಾಗಿಲಲ್ಲಿ ಏನು ಹೇಳಿದರು?

ನೇಮಕದ ವೇಳೆ ಹಳೆಯದನ್ನು ಮುಚ್ಚಿಟ್ಟಿದ್ದರೆ ಲೆಕ್ಕವೇ ಬದಲಾಗುತ್ತದೆ. ಅಮೆರಿಕದಲ್ಲಿ ಲೂಸಿಯಾನದ ಫೆಡರಲ್ ನ್ಯಾಯಾಧೀಶ ಥಾಮಸ್ ಪೋರ್ಟಿಯಸ್ ಅವರನ್ನು ಸೆನೆಟ್ 2010ರ ಡಿಸೆಂಬರ್ 8ರಂದು ತೆಗೆದುಹಾಕಿತು. ನಾಲ್ಕು ಆರೋಪಗಳಿದ್ದವು, ಅವುಗಳಲ್ಲಿ ಮೂರಕ್ಕೆ ಬಿದ್ದ ಪರ–ವಿರುದ್ಧ ಮತಗಳನ್ನು ನೋಡಿ. ಫೆಡರಲ್ ನ್ಯಾಯಾಧೀಶರಾಗಿ ಪ್ರಕರಣವೊಂದನ್ನು ನಡೆಸಿದ ರೀತಿಗೆ 96–0. ನೇಮಕದ ಹೊತ್ತಿನಲ್ಲಿ ಸೆನೆಟ್‌ಗೂ ತನಿಖಾಧಿಕಾರಿಗಳಿಗೂ ಸುಳ್ಳು ಹೇಳಿದ್ದಕ್ಕೆ 90–6. ರಾಜ್ಯದ ನ್ಯಾಯಾಧೀಶರಾಗಿದ್ದಾಗಿನಿಂದ ಜಾಮೀನು ದಂಧೆಯವರೊಂದಿಗೆ ಬೆಳೆಸಿಕೊಂಡ ನಂಟಿಗೆ ಮಾತ್ರ 69–27. ತಪ್ಪು ಹಿಂದಕ್ಕೆ ಸರಿದಷ್ಟೂ ಕೈ ಎತ್ತುವವರು ಕಡಿಮೆಯಾದರು, ಆದರೂ ಮೂರನೇ ಎರಡರಷ್ಟು ಬಹುಮತ ತಪ್ಪಲಿಲ್ಲ.

ಅದೇ ಅಮೆರಿಕದ ಹಳೆಯ ಧೋರಣೆ ಬೇರೆಯಿತ್ತು. ರೈಲ್ವೆ ಹಗರಣದ ಷೇರು ಪಡೆದ ಆರೋಪ ಹೊತ್ತ ಉಪಾಧ್ಯಕ್ಷ ಸ್ಕೈಲರ್ ಕೋಲ್‌ಫ್ಯಾಕ್ಸ್ ಅವರನ್ನು 1873ರಲ್ಲಿ ಸಂಸತ್ತು ಬಿಟ್ಟುಬಿಟ್ಟಿತು. ಆ ನಡವಳಿಕೆ ಅವರು ಸ್ಪೀಕರ್ ಆಗಿದ್ದಾಗಿನದು ಎಂಬುದು ಸಮಿತಿ ಕೊಟ್ಟ ಕಾರಣ. ಅವರ ಅವಧಿ ಮುಗಿಯಲು ಕೆಲವೇ ದಿನಗಳಿದ್ದವು ಎಂಬುದೂ ಸಮಿತಿಯ ಔದಾರ್ಯಕ್ಕೆ ಅನುಕೂಲವಾಗಿರಬೇಕು.

ನಾಲ್ಕನೆಯದು: ಚುನಾಯಿತರಾದರೆ ಬೇರೆ ತಕ್ಕಡಿ

ಮತದಾರರು ಆರಿಸಿದವರ ವಿಷಯದಲ್ಲಿ ಸದನ ಕೈಹಾಕುವುದು ಇನ್ನೂ ಸೂಕ್ಷ್ಮ. ನಮ್ಮ ಚಿಕ್ಕಮಗಳೂರು ಈ ಚರಿತ್ರೆಯ ನಡುವೆಯೇ ಇದೆ. 1978ರ ನವೆಂಬರ್‌ನಲ್ಲಿ ಅಲ್ಲಿಂದ ಉಪಚುನಾವಣೆ ಗೆದ್ದ ಇಂದಿರಾ ಗಾಂಧಿ ಅವರನ್ನು ಲೋಕಸಭೆ ಡಿಸೆಂಬರ್ 19ರಂದು ಉಚ್ಚಾಟಿಸಿತು. ಕಾರಣ ಚಿಕ್ಕಮಗಳೂರಿಗೆ ಸಂಬಂಧಿಸಿದ್ದಲ್ಲ. ಹಿಂದೆ ಪ್ರಧಾನಿಯಾಗಿದ್ದಾಗ ಮಾರುತಿ ಕಂಪನಿಯ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರು ಎಂಬ ಆರೋಪ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದುಪಡಿಸಿತು.

ಪಂಜಾಬ್ ವಿಧಾನಸಭೆ 2008ರಲ್ಲಿ ಅಮರಿಂದರ್ ಸಿಂಗ್ ಅವರನ್ನು ಉಚ್ಚಾಟಿಸಿದ್ದೂ ಇಂಥದ್ದೇ ಕಾರಣಕ್ಕೆ. ಹಿಂದಿನ ಸದನದ ಅವಧಿಯಲ್ಲಿ ಮುಖ್ಯಮಂತ್ರಿಯಾಗಿದ್ದಾಗ ಅಮೃತಸರದ ಭೂಸ್ವಾಧೀನದಿಂದ ಜಮೀನು ಬಿಟ್ಟುಕೊಟ್ಟ ಆರೋಪ ಅದು. 2010ರಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಉಚ್ಚಾಟನೆಯನ್ನು ತಳ್ಳಿಹಾಕಿತು. ಹಿಂದಿನ ಅವಧಿಯ ಆಡಳಿತದ ತಪ್ಪಿಗೆ ತನಿಖೆ, ಮೊಕದ್ದಮೆ ನಡೆಯಲಿ, ಸದನದ ಹಕ್ಕಿಗೆ ಧಕ್ಕೆ ತಂದವರನ್ನು ಶಿಕ್ಷಿಸುವ ಹಕ್ಕುಚ್ಯುತಿ ಅಸ್ತ್ರ ಬೇಡ ಎಂಬುದು ತೀರ್ಪಿನ ತಿರುಳು. ನನಗೆ ಇದು ಸರಿಯೆನಿಸುತ್ತದೆ. ಇಲ್ಲದಿದ್ದರೆ ಪ್ರತಿ ಹೊಸ ಬಹುಮತವೂ ಹಳೆಯ ಕಡತ ತೆರೆದು ಎದುರಾಳಿಯನ್ನು ಹೊರಹಾಕಬಹುದು. ನ್ಯಾಯಮೂರ್ತಿಗಳನ್ನು ಮತದಾರರು ಆರಿಸುವುದೂ ಇಲ್ಲ, ಮುಂದಿನ ಚುನಾವಣೆಯಲ್ಲಿ ಸೋಲಿಸುವಂತೆಯೂ ಇಲ್ಲ. ಆದ್ದರಿಂದ ಅಲ್ಲಿ ಹಿಂದಿನದನ್ನೂ ನೋಡುವುದು ಅನಿವಾರ್ಯ.

ಕೊನೆಯದು: ದಾರಿ ಮತ್ತು ಅದರ ತೂತು

ನಾಗರಿಕರು ನೇರವಾಗಿ ವಾಗ್ದಂಡನೆ ಕೋರುವಂತಿಲ್ಲ. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. ಸ್ಪೀಕರ್ ಅಥವಾ ಸಭಾಪತಿ ಅಂಗೀಕರಿಸಿದರೆ, ನ್ಯಾಯಾಧೀಶರ ವಿಚಾರಣಾ ಕಾಯ್ದೆ 1968ರ ಪ್ರಕಾರ ಮೂವರ ಸಮಿತಿ ರಚನೆಯಾಗುತ್ತದೆ. ಸಮಿತಿ ತಪ್ಪಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ತಪ್ಪಿದೆ ಎಂದರೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ಸಿಗಬೇಕು. ಬಳಿಕ ರಾಷ್ಟ್ರಪತಿಯ ಆದೇಶ.

ತೂತು ಇರುವುದು ರಾಜೀನಾಮೆಯಲ್ಲಿ. ಸೇನ್ 2011ರ ಸೆಪ್ಟೆಂಬರ್ 1ರಂದು, ಲೋಕಸಭೆ ವಿಷಯ ಕೈಗೆತ್ತಿಕೊಳ್ಳುವ ಮುನ್ನವೇ, ರಾಜೀನಾಮೆ ಕೊಟ್ಟರು. ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್, ಭೂ ಒತ್ತುವರಿಯ ಆರೋಪದ ಮೇಲೆ ರಾಜ್ಯಸಭೆಯ ಸಮಿತಿ ವಿಚಾರಣೆ ನಡೆಸುತ್ತಿದ್ದಾಗ, ಅದೇ ವರ್ಷದ ಜುಲೈನಲ್ಲಿ ಹುದ್ದೆ ತೊರೆದಿದ್ದರು. ಅಮೆರಿಕದ ಸೆನೆಟ್ ಪೋರ್ಟಿಯಸ್ ಅವರನ್ನು ತೆಗೆದ ದಿನವೇ ಇನ್ನೆಂದೂ ಫೆಡರಲ್ ಹುದ್ದೆ ಹಿಡಿಯದಂತೆ ಮತ್ತೊಂದು ಮತ ಹಾಕಿತು. 124ನೇ ವಿಧಿಯಲ್ಲಿ ಅಂಥ ಎರಡನೇ ಮತಕ್ಕೆ ಜಾಗವಿಲ್ಲ.