ಶಬ್ದಕ್ಕಿಂತ ಮೊದಲು ಅದರ ಸಮಯ

ಶ್ವಾಸಕೋಶದ ಶಬ್ದಗಳನ್ನು ಗುರುತಿಸಲು ನನಗೆ ನಿಜವಾಗಿ ದಾರಿ ತೋರಿಸಿದ್ದು ಸಮಯ. ಶಬ್ದ ಉಸಿರು ಎಳೆದುಕೊಳ್ಳುವಾಗ ಬಂತೋ ಬಿಡುವಾಗ ಬಂತೋ, ಮೊದಲಲ್ಲೋ ಕೊನೆಯಲ್ಲೋ? ಇದನ್ನು ಗಮನಿಸಿದ ಮೇಲೆಯೇ ಹೆಸರಿಡುತ್ತೇನೆ.

ಶುರುವಿನಲ್ಲಿ ಆರೋಗ್ಯವಂತರ ಎದೆಯನ್ನೇ ಹೆಚ್ಚು ಕೇಳಿದೆ, ನನ್ನದನ್ನೂ. ಸಹಜವಾದ ವೆಸಿಕ್ಯುಲರ್ ಶಬ್ದ ಮೆದು. ಉಸಿರು ಒಳಗೆ ಹೋಗುವಷ್ಟೂ ಹೊತ್ತು ಕೇಳಿಸಿ, ನಡುವೆ ಬಿಡುವಿಲ್ಲದೆ ಹೊರಉಸಿರಿಗೆ ದಾಟಿ, ಅದರ ಮೊದಲ ಭಾಗದಲ್ಲೇ ಕರಗಿಹೋಗುತ್ತದೆ. ಗಾಳಿ ತುಂಬಿದ ಶ್ವಾಸಕೋಶ ತೀಕ್ಷ್ಣ ಸ್ವರಗಳನ್ನು ಸೋಸಿಬಿಡುವುದರಿಂದ ಈ ಮೃದುತ್ವ. ಆಮೇಲೆ ಸ್ಟೆತೊಸ್ಕೋಪನ್ನು ಕತ್ತಿನ ಶ್ವಾಸನಾಳದ ಮೇಲಿಟ್ಟೆ: ಒರಟು, ಟೊಳ್ಳು ಶಬ್ದ, ಒಳಉಸಿರು ಮತ್ತು ಹೊರಉಸಿರಿನ ನಡುವೆ ಸ್ಪಷ್ಟ ಅಂತರ, ಹೊರಉಸಿರು ಒಳಉಸಿರಿನಷ್ಟೇ ಅಥವಾ ಅದಕ್ಕಿಂತಲೂ ಉದ್ದ. ಇದೇ ಬಗೆಯ ಬ್ರಾಂಕಿಯಲ್ ಶಬ್ದ ಬೆನ್ನಿನ ಕೆಳಭಾಗದಲ್ಲಿ ಕೇಳಿದರೆ, ಅಲ್ಲಿ ಶ್ವಾಸಕೋಶ ಗಟ್ಟಿಯಾಗಿದೆ, ತೀಕ್ಷ್ಣ ಸ್ವರಗಳನ್ನು ಸೋಸುತ್ತಿಲ್ಲ ಎಂದರ್ಥ. ನ್ಯುಮೋನಿಯಾ ಸಾಮಾನ್ಯ ಕಾರಣ. ಆಗ ರೋಗಿಗೆ ಪಿಸುಮಾತಿನಲ್ಲಿ ಅಂಕಿ ಎಣಿಸಲು ಹೇಳುತ್ತೇನೆ. ಗಟ್ಟಿಯಾದ ಜಾಗದ ಮೇಲೆ ಆ ಪಿಸುಮಾತೂ ಅಕ್ಷರಶಃ ಕಿವಿಗೆ ಬೀಳುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಅದು ಬೆರಗೇ.

ಸಿದ್ಧತೆ ಬಗ್ಗೆ ಒಂದು ಮಾತು. ಬಟ್ಟೆಯ ಮೇಲಿಂದ ಕೇಳುವುದಿಲ್ಲ. ಬಾಯಿ ತೆರೆದು ಮಾಮೂಲಿಗಿಂತ ಸ್ವಲ್ಪ ಆಳವಾಗಿ ಉಸಿರಾಡಲು ಹೇಳಿ, ಒಂದೊಂದು ಕಡೆ ಪೂರ್ತಿ ಒಂದು ಉಸಿರನ್ನಾದರೂ ಕೇಳಿ, ತಕ್ಷಣ ಎದುರು ಬದಿಯ ಅದೇ ಜಾಗಕ್ಕೆ ಹೋಗುತ್ತೇನೆ. ಕಂಕುಳನ್ನು ಬಿಡುವುದಿಲ್ಲ, ಬಲಗಡೆಯ ಮಧ್ಯದ ಹಾಲೆ ಸಿಗುವುದೇ ಮುಂಭಾಗ ಮತ್ತು ಕಂಕುಳಲ್ಲಿ. ನಡುವೆ ವಿರಾಮ ಕೊಡಬೇಕು, ಇಲ್ಲದಿದ್ದರೆ ರೋಗಿಗೆ ತಲೆ ಸುತ್ತುತ್ತದೆ.

ಅಸಹಜ ಶಬ್ದಗಳಲ್ಲಿ ಸಮಯದ ಬೆಲೆ ತಿಳಿಯುವುದು ಕ್ರೆಪ್ಸ್, ಅಂದರೆ ಬಿಡಿಬಿಡಿಯಾದ ಚಟಪಟ ಸದ್ದು, ಕೇಳುವಾಗ. ಕಿವಿಯ ಬಳಿ ಕೂದಲನ್ನು ಬೆರಳುಗಳಲ್ಲಿ ಹೊಸೆದಂಥ ಸಣ್ಣ ಚಟಪಟ, ಒಳಉಸಿರಿನ ಕೊನೆಯಲ್ಲಿ ಬಂದರೆ, ಮುಚ್ಚಿಕೊಂಡಿದ್ದ ಕಿರುನಾಳಗಳು ತಡವಾಗಿ ತೆರೆದುಕೊಳ್ಳುತ್ತಿವೆ: ಫೈಬ್ರೋಸಿಸ್ (ಶ್ವಾಸಕೋಶ ನಾರುಗಟ್ಟುವುದು) ಅಥವಾ ಹೃದಯ ವೈಫಲ್ಯದಲ್ಲಿ, ಶ್ವಾಸಕೋಶದ ಎರಡೂ ಬುಡಗಳಲ್ಲಿ. ಒರಟು ಕ್ರೆಪ್ಸ್ ಮೊದಲೇ ಬರುತ್ತವೆ, ಹೊರಉಸಿರಿನಲ್ಲೂ ಕೇಳಿಸಬಹುದು. ಆಗ ಒಮ್ಮೆ ಕೆಮ್ಮಿಸಿ ಮತ್ತೆ ಕೇಳುತ್ತೇನೆ. ಕಫದಿಂದಾದದ್ದು ಬದಲಾಗುತ್ತದೆ, ಫೈಬ್ರೋಸಿಸ್‌ನದ್ದು ಹಾಗೇ ಉಳಿಯುತ್ತದೆ. ಎರಡೂ ಉಸಿರಿನಲ್ಲಿ ಕರಕರ ಉಜ್ಜುತ್ತ, ಕೆಮ್ಮಿದರೂ ಹೋಗದಿದ್ದರೆ ಪ್ಲೂರಲ್ ರಬ್, ಅಂದರೆ ಶ್ವಾಸಕೋಶದ ಹೊರಪೊರೆಗಳು ಒಂದಕ್ಕೊಂದು ಉಜ್ಜುವ ಸದ್ದು, ಇರಬಹುದು. ರೋಗಿ ನೋವು ತೋರಿಸುವ ಜಾಗದಲ್ಲೇ ಹುಡುಕಿ.

ವೀಸ್ ಹೊರಉಸಿರಿನಲ್ಲಿ ಎಳೆಯುವ ಸಿಳ್ಳೆ. ಅಸ್ತಮಾದಲ್ಲಿ ಹಲವು ಸ್ವರಗಳು ಎದೆಯ ತುಂಬ ಹರಡಿರುತ್ತವೆ. ಒಂದೇ ಸ್ವರ ಒಂದೇ ಜಾಗಕ್ಕೆ ಅಂಟಿಕೊಂಡು, ಕೆಮ್ಮಿದರೂ ಹೋಗದಿದ್ದರೆ ಆ ನಾಳದೊಳಗೆ ಹೊರವಸ್ತುವೋ ಗಡ್ಡೆಯೋ ಇದೆಯೇ ಎಂದು ನೋಡಲೇಬೇಕು. ಒಳಉಸಿರಿನಲ್ಲಿ, ಕತ್ತಿನ ಮೇಲೆ ಜೋರಾಗಿ ಕೇಳಿದರೆ ಅದು ಸ್ಟ್ರೈಡರ್, ಮೇಲಿನ ಶ್ವಾಸಮಾರ್ಗ ಕಿರಿದಾದಾಗಿನ ಸದ್ದು, ತುರ್ತುಸ್ಥಿತಿ. ತೀವ್ರವಾಗಿ ಏದುಸಿರು ಬಿಡುತ್ತಿರುವ ಅಸ್ತಮಾ ರೋಗಿಯ ಎದೆಯಲ್ಲಿ ವೀಸ್ ಇಲ್ಲವೆಂದರೆ ಸಮಾಧಾನಪಡುವ ವಿಷಯವಲ್ಲ. ಸಿಳ್ಳೆ ಹೊರಡಿಸುವಷ್ಟೂ ಗಾಳಿ ಆಡುತ್ತಿಲ್ಲ.

ಒಂದು ಬದಿಯಲ್ಲಿ ಏರ್ ಎಂಟ್ರಿ (ಗಾಳಿ ಒಳಹೋಗುವ ಸದ್ದು) ಕಡಿಮೆ ಎನಿಸಿದಾಗ ಕಿವಿಯನ್ನಷ್ಟೇ ನಂಬುವುದಿಲ್ಲ, ಬೆರಳಿನಿಂದ ತಟ್ಟಿ ನೋಡುತ್ತೇನೆ. ಕಲ್ಲಿನಂತೆ ಮಂದವಾಗಿದ್ದರೆ ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು, ಅತಿಯಾಗಿ ಅನುರಣಿಸಿದರೆ ಅಲ್ಲಿ ಗಾಳಿ ಸೇರಿಕೊಂಡಿರಬಹುದು, ಅಂದರೆ ನ್ಯುಮೊಥೊರಾಕ್ಸ್.

ಕೇಸ್ ಶೀಟಿನಲ್ಲಿ ಬರೀ 'ಕ್ರೆಪ್ಸ್ ಇದೆ' ಎಂದು ಬರೆಯುವ ಅಭ್ಯಾಸ ನನಗಿಲ್ಲ. 'ಬಲ ಬುಡ, ಒಳಉಸಿರಿನ ಕೊನೆ, ಸಣ್ಣ ಕ್ರೆಪ್ಸ್, ಕೆಮ್ಮಿದ ಮೇಲೂ ಹಾಗೇ' ಎಂದು ಬರೆದರೆ, ರಾತ್ರಿ ಪಾಳಿಯಲ್ಲಿ ಬರುವ ವೈದ್ಯರು ಅದೇ ಜಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟು ಏನು ಬದಲಾಗಿದೆ ಎಂದು ಹೇಳಬಲ್ಲರು.